ಕಾರಿಗೊಂದು ನ್ಯಾಯ, ಕೆಂಪು ಬಸ್ಸಿಗೊಂದು ನ್ಯಾಯ

ಇವತ್ತು ರಾಜಕೀಯ ಬೇಡ, ಒಂದು ಬಸ್ಸಿನ ವಿಚಾರ ಮಾತಾಡೋಣ. ರಾಜಕೀಯ ಬೇಡ ಅಂದ ಮಾತ್ರಕ್ಕೆ ಸರ್ಕಾರವನ್ನು ಬಿಟ್ಟೆ ಅಂದ್ಕೋಬೇಡಿ. ಅದು ಎಲ್ಲಿದ್ದರೂ ಮಧ್ಯದಲ್ಲಿ ಬಂದೇ ಬರುತ್ತೆ.

2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ಒಂದು ತಿದ್ದುಪಡಿ ತಂತು. ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಹಾಗೆ ಜೋಪಾನ ಮಾಡಿಟ್ಟ ಕಾರು, ಬೈಕುಗಳಿಗೆ 'ವಿಂಟೇಜ್' ಅನ್ನುವ ಮಾನ್ಯತೆ. ನಂಬರ್ ಪ್ಲೇಟಿನಲ್ಲಿ 'ವಿಎ' ಅನ್ನುವ ಅಕ್ಷರ. 20,000 ರೂಪಾಯಿ ಕಟ್ಟಿದರೆ ಹತ್ತು ವರ್ಷಕ್ಕೆ ನೋಂದಣಿ, ಆಮೇಲೆ 5,000 ಕಟ್ಟಿ ಮತ್ತೆ ಮಾಡಿಸಬಹುದು. ದಿನಾ ಓಡಿಸೋ ಹಾಗಿಲ್ಲ, ಬಾಡಿಗೆಗೆ ಬಿಡೋ ಹಾಗಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸೋಕೆ ರಸ್ತೆಗೆ ತರಬಹುದು. ಒಳ್ಳೆಯ ನಿಯಮ. ನನ್ನದೇನೂ ತಕರಾರಿಲ್ಲ.

ಆದರೆ ಆ ನಿಯಮದ ವ್ಯಾಖ್ಯೆಯನ್ನು ಒಂದ್ಸಲ ಓದಿ ನೋಡಿ. ದ್ವಿಚಕ್ರ ವಾಹನ ಇದೆ, ಕಾರು ಇದೆ. ಬಸ್ಸು ಇಲ್ಲ.

ಇದಾಗಿ ಒಂದೂವರೆ ವರ್ಷಕ್ಕೆ ಅದೇ ಸಚಿವಾಲಯದಿಂದ ಇನ್ನೊಂದು ಅಧಿಸೂಚನೆ ಬಂತು. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ತುಂಬಿದ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಸೋ ಹಾಗಿಲ್ಲ. ಕೇಂದ್ರದ್ದು, ರಾಜ್ಯದ್ದು, ಪಂಚಾಯಿತಿ, ಪುರಸಭೆಯದ್ದು, ಸಾರಿಗೆ ನಿಗಮಗಳದ್ದು ಎಲ್ಲವೂ ಗುಜರಿಗೆ. ಹೊಗೆ ಕಮ್ಮಿ ಆಗಬೇಕು, ಅಪಘಾತ ಕಮ್ಮಿ ಆಗಬೇಕು ಅನ್ನೋದು ಉದ್ದೇಶ. ಅದೂ ಸರಿ. ತುಕ್ಕು ಹಿಡಿದು ತಳ ಕಿತ್ತುಹೋದ ಬಸ್ಸಿನಲ್ಲಿ ಮಕ್ಕಳನ್ನು ಕೂರಿಸಿ ಕಳಿಸಿ ಅಂತ ಯಾರೂ ಹೇಳಲ್ಲ.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಒಬ್ಬ ಶ್ರೀಮಂತನ ಶೆಡ್ಡಿನಲ್ಲಿರೋ ಕಾರಿಗೆ ಐವತ್ತು ವರ್ಷ ಆದರೆ ಪಟ್ಟಾಭಿಷೇಕ. ಊರಿಗೆ ಊರೇ ಓಡಾಡಿದ ಬಸ್ಸಿಗೆ ಹದಿನೈದಕ್ಕೇ ತಿಥಿ. ಅಲ್ರೀ, ಹದಿನೈದಕ್ಕೆ ಒಡೆದು ಹಾಕಿದರೆ ಅದಕ್ಕೆ ಐವತ್ತು ತುಂಬೋದು ಯಾವಾಗ?

ಯಾವ ಬಸ್ಸಿನ ವಿಚಾರ ಹೇಳ್ತಿದೀನಿ ಅಂತ ಹೇಳಿಬಿಡ್ತೀನಿ. ಹರಪನಹಳ್ಳಿಯಿಂದ ತೆಲಿಗಿ, ದುಗ್ಗಾವತಿ ಮೇಲೆ ಹರಿಹರಕ್ಕೆ ಹೋಗುವ ಕೆಂಪು ಬಸ್ಸು. ತೆಲಿಗಿ ಅಂದ ತಕ್ಷಣ ಛಾಪಾ ಕಾಗದ ನೆನಪು ಮಾಡ್ಕೋಬೇಡಿ, ಆ ಮಹಾನುಭಾವ ಬೆಳಗಾವಿ ಜಿಲ್ಲೆ ಖಾನಾಪುರದವನು. ನಾನು ಹೇಳ್ತಿರೋದು ಹರಪನಹಳ್ಳಿ ತಾಲ್ಲೂಕಿನ ತೆಲಿಗಿ. ಜೋಳ, ಮೆಕ್ಕೆಜೋಳ, ಹತ್ತಿ ಬೆಳೆಯುವ ಕಡೆಯ ಊರು. ಈಗ ಕೊಟ್ಟೂರು–ಹರಿಹರ ರೈಲು ಮಾರ್ಗವೂ ಆ ಕಡೆ ಹಾದುಹೋಗಿದೆ. ಆದರೆ ಆ ಮಾರ್ಗ ಆಗಿದ್ದು ಇತ್ತೀಚೆಗೆ. ಹೊಸಪೇಟೆಯಿಂದ ಕೊಟ್ಟೂರಿಗೆ 1905ರಲ್ಲೇ ರೈಲು ಬಂದಿತ್ತು. ಅಲ್ಲಿಂದ ಮುಂದಕ್ಕೆ ಹಳಿ ಇರಲಿಲ್ಲ. ಕೊಟ್ಟೂರಿನಿಂದ ಈಚೆಗೆ ಹರಿಹರದ ತನಕ ಇದ್ದ ಊರುಗಳಿಗೆಲ್ಲ ನೂರು ವರ್ಷ ರೈಲು, ಟ್ಯಾಕ್ಸಿ, ಆಂಬುಲೆನ್ಸು ಎಲ್ಲಾ ಬಸ್ಸೇ.

ಈ ದಾರಿಯ ವಿಶೇಷ ಏನು ಗೊತ್ತಾ? ಇದು ಒಂದು ಕಾಲದಲ್ಲಿ ಗಡಿ ದಾಟುತ್ತಿದ್ದ ದಾರಿ. 1953ರ ತನಕ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿ, ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿ. ಹರಿಹರ ಮೈಸೂರು ಸಂಸ್ಥಾನದಲ್ಲಿ. ಹೊಳೆ ದಾಟಿದರೆ ಮುಂಬಯಿ ಪ್ರಾಂತ್ಯ. ಭಾಷೆ ಒಂದೇ, ಬೀಗರು ಆಚೆ ಈಚೆ, ಸಂತೆ ಆಚೆ ಈಚೆ. ಆದರೆ ಮೋಟಾರು ಆ ಗೆರೆ ದಾಟಬೇಕಾದರೆ ಎರಡು ಸರ್ಕಾರಗಳ ಒಪ್ಪಿಗೆ ಬೇಕು. ಹೌದು, ಮೋಟಾರು. ಆ ಕಡೆಯ ಹಿರಿಯರ ಬಾಯಲ್ಲಿ ಅದು ಬಸ್ಸಲ್ಲ, ಮೋಟಾರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಪೆಟ್ರೋಲಿಗೆ ರೇಷನ್ ಬಂತಲ್ಲ, ಆಗ ಬಸ್ಸಿನ ಹಿಂದೆ ಒಂದು ದೊಡ್ಡ ಡ್ರಮ್ಮು ಕಟ್ಟಿ, ಇದ್ದಿಲು ಉರಿಸಿ, ಅದರಿಂದ ಬರುವ ಗ್ಯಾಸಿನಲ್ಲಿ ಇಂಜಿನ್ ಓಡಿಸ್ತಿದ್ರು. ಕ್ಲೀನರ್ ಹುಡುಗ ಬೆಳಗಿನ ಜಾವ ಎದ್ದು ಇದ್ದಿಲು ತುಂಬಿ, ಗಾಳಿ ಹಾಕಿ ಕೆಂಡ ಮಾಡಿದ ಮೇಲೆಯೇ ಗಾಡಿ ಹೊರಡೋದು. ದಿಣ್ಣೆ ಬಂದರೆ ಪ್ರಯಾಣಿಕರು ಇಳಿದು ತಳ್ಳೋದು. ಟಿಕೆಟ್ ದುಡ್ಡೂ ಕೊಡಬೇಕು, ತಳ್ಳಲೂ ಬೇಕು.

1953ರ ಅಕ್ಟೋಬರ್ 1. ಆಂಧ್ರ ರಾಜ್ಯ ಹುಟ್ಟಿದ ದಿನ. ಅದೇ ದಿನ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ಬಳ್ಳಾರಿ ಜಿಲ್ಲೆಯ ಉಳಿದ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲಾ ಬಂದವು. ಒಂದು ರಾತ್ರಿ ಕಳೆಯೋದರೊಳಗೆ ಹರಪನಹಳ್ಳಿ–ಹರಿಹರದ ಮಧ್ಯದ ಗೆರೆ ಅಳಿಸಿಹೋಯ್ತು. ಕರ್ನಾಟಕ ಏಕೀಕರಣ ಅಂದರೆ ನಮಗೆ 1956ರ ನವೆಂಬರ್ 1 ನೆನಪಾಗುತ್ತೆ. ಈ ಸೀಮೆಗೆ ಅದು ಮೂರು ವರ್ಷ ಮುಂಚೆಯೇ ಬಂತು, ಈ ರಸ್ತೆಯ ಮೇಲೇ ಬಂತು.

ಆಮೇಲಿನ ಕಥೆ ಕೇಳಿ. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯ್ತು. 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತು. ಬಸ್ಸಿನದೂ ಇದೇ ಪಾಡು. ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ಕ್ಕೆ 120 ಬಸ್ಸುಗಳಿಂದ ಶುರು ಮಾಡಿದ ಸಾರಿಗೆ ಇಲಾಖೆ 1961ರಲ್ಲಿ ನಿಗಮ ಆಯ್ತು. ರಾಜ್ಯದ ಹೆಸರು ಕರ್ನಾಟಕ ಆದಾಗ ಅದರ ಹೆಸರೂ ಬದಲಾಯ್ತು. 2000ದಲ್ಲಿ ಈಶಾನ್ಯ ಸಾರಿಗೆ ಬೇರೆ ಆಯ್ತು, ಈಗ ಅದು ಕಲ್ಯಾಣ ಕರ್ನಾಟಕ ಸಾರಿಗೆ. ಬಸ್ಸಿನ ಪಕ್ಕದಲ್ಲಿ ಬರೆದ ಸಂಸ್ಥೆ ಹೆಸರು ಬದಲಾಯ್ತು, ಕಚೇರಿ ಮುಂದಿನ ಜಿಲ್ಲೆ ಬೋರ್ಡು ಬದಲಾಯ್ತು. ಡ್ರೈವರ್ ತಲೆಯ ಮೇಲಿನ ಬೋರ್ಡು ಮಾತ್ರ ಹಾಗೇ ಇದೆ. ಹರಪನಹಳ್ಳಿ–ಹರಿಹರ.

ಈಗ ಯಾರಾದರೂ ಕೇಳಬಹುದು, ಬಸ್ಸಿನಲ್ಲಿ ಪರಂಪರೆ ಅನ್ನೋದು ಏನಪ್ಪಾ ಇದೆ, ತಗಡು, ಡೀಸೆಲ್ ವಾಸನೆ. ಬಾಗಳಿಯ ಕಲ್ಲೇಶ್ವರ ಗುಡಿ ಪರಂಪರೆ, ಉಚ್ಚಂಗಿದುರ್ಗ ಪರಂಪರೆ, ಬಸ್ಸು ಹೇಗೆ? ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಇದರಲ್ಲೇ ವಿಷಯ ಇರೋದು.

ಒಂದು, ವಸ್ತಿ ಬಸ್ಸು. ನಗರದವರಿಗೆ ಈ ಪದ ಗೊತ್ತಿರಲಿಕ್ಕಿಲ್ಲ. ರಾತ್ರಿ ಕೊನೆಯ ಟ್ರಿಪ್ ಹಳ್ಳಿಗೆ ಹೋಗಿ ಅಲ್ಲೇ ಉಳಿದು, ಬೆಳಿಗ್ಗೆ ಮೊದಲ ಟ್ರಿಪ್ ಅಲ್ಲಿಂದಲೇ ಹೊರಡುವ ಬಸ್ಸು. ಡ್ರೈವರ್, ಕಂಡಕ್ಟರ್ ಗುಡಿ ಕಟ್ಟೆ ಮೇಲೋ ಬಸ್ಸಿನ ಸೀಟಿನ ಮೇಲೋ ಮಲಗೋದು. ಯಾರದೋ ಮನೆಯಿಂದ ರೊಟ್ಟಿ, ಇನ್ಯಾರದೋ ಮನೆಯಿಂದ ಸ್ನಾನಕ್ಕೆ ಬಿಸಿನೀರು. ಊರಿಗೆ ಗಡಿಯಾರ ಅದೇ. ವಸ್ತಿ ಬಸ್ ಬಂತು ಅಂದ್ರೆ ಮಲಗೋ ಹೊತ್ತು, ಅದರ ಹಾರ್ನ್ ಕೇಳಿತು ಅಂದ್ರೆ ಏಳೋ ಹೊತ್ತು. ನಡುರಾತ್ರಿ ಹೆರಿಗೆ ನೋವು ಬಂದರೆ ಮೊದಲು ಹೋಗಿ ಬಡಿಯೋದು ಬಸ್ಸಿನ ಬಾಗಿಲು.

ಇನ್ನೊಂದು, ಬುತ್ತಿ. ದಾವಣಗೆರೆಯಲ್ಲೋ ಬಳ್ಳಾರಿಯಲ್ಲೋ ರೂಮು ಮಾಡಿಕೊಂಡು ಓದುವ ಹುಡುಗನಿಗೆ ತಾಯಿ ರೊಟ್ಟಿ, ಪಲ್ಯ, ಚಟ್ನಿಪುಡಿ ಕಟ್ಟಿ ಡಬ್ಬಿಗೆ ಹಾಕಿ, ಮೇಲೆ ಬಣ್ಣದಲ್ಲಿ ಹೆಸರು ಬರೆಸಿ ಬಸ್ಸಿಗೆ ಇಡ್ತಿದ್ಲು. ಬಾಡಿಗೆ ಇಲ್ಲ, ರಸೀದಿ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹುಡುಗ ಕಾದು ನಿಂತಿರ್ತಾನೆ, ಡಬ್ಬಿ ಇಳಿಸಿಕೊಳ್ತಾನೆ, ನಿನ್ನೆಯ ಖಾಲಿ ಡಬ್ಬಿ ಏರಿಸ್ತಾನೆ. ಇವತ್ತು ದೊಡ್ಡ ದೊಡ್ಡ ಹುದ್ದೆಯಲ್ಲಿರೋ ಎಷ್ಟು ಜನ ಅಧಿಕಾರಿಗಳು, ಡಾಕ್ಟರುಗಳು ಆ ಡಬ್ಬಿ ತಿಂದು ಓದಿದವರು ಅಂತ ಒಂದ್ಸಲ ಕೈ ಎತ್ತಲಿ ನೋಡೋಣ. ಗಾಡಿಗಳನ್ನು ಗುಜರಿಗೆ ಹಾಕುವ ಕಡತಕ್ಕೆ ಸಹಿ ಹಾಕಿದವರಲ್ಲೂ ಒಬ್ಬಿಬ್ಬರು ಸಿಗಬಹುದು.

ಟಾಪ್ ಇತ್ತು, ಹಿಂದೆ ಏಣಿ ಇತ್ತು. ಟಾಪಿನ ಮೇಲೆ ಕುರಿ, ಕೋಳಿ ಬುಟ್ಟಿ, ಹತ್ತಿ ಅಂಡಿಗೆ, ಕೆಲವೊಮ್ಮೆ ಮದುವೆ ದಿಬ್ಬಣದ ಹಾಸಿಗೆ ಪಾತ್ರೆ. ಕಿಟಕಿಯಿಂದ ಟವೆಲ್ ಎಸೆದರೆ ಸೀಟು ರಿಸರ್ವ್. ಜಗಳ ಆದರೂ ಟವೆಲ್ಲಿಗೆ ಬೆಲೆ ಇತ್ತು. ಡ್ರೈವರ್ ಪಕ್ಕ ಬಾನೆಟ್ ಮೇಲೆ ಕೂರೋದು ಚಳಿಗಾಲದಲ್ಲಿ ಸ್ವರ್ಗ, ಬೇಸಿಗೆಯಲ್ಲಿ ಹೆಂಚಿನ ಮೇಲಿನ ರೊಟ್ಟಿ. 'ಮುಂದ್ ಹೋಗ್ರಿ ಯವ್ವಾ, ಮುಂದ್ ಖಾಲಿ ಐತಿ' ಅಂತ ಕಂಡಕ್ಟರ್ ಕೂಗ್ತಿರ್ತಾನೆ, ಮುಂದೆ ಕಾಲಿಡೋಕೂ ಜಾಗ ಇರಲ್ಲ. ಟಿಕೆಟ್ಟಿನ ಕಟ್ಟು, ತೂತು ಹಾಕುವ ಪಂಚು, ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬರೆದುಕೊಟ್ಟ ಎಂಟಾಣೆ. ಈ ರಾಜ್ಯದ ಜನ ಕಂಡಕ್ಟರಿಗೆ ಬಿಟ್ಟುಕೊಟ್ಟ ಎಂಟಾಣೆಗಳನ್ನು ಒಟ್ಟು ಮಾಡಿದ್ದರೆ ಇನ್ನೊಂದು ನಿಗಮ ಕಟ್ಟಬಹುದಿತ್ತೇನೋ! ತಮಾಷೆಗೆ ಹೇಳಿದೆ. ಕಂಡಕ್ಟರ್ ಬಂಧುಗಳು ಬೇಸರ ಮಾಡ್ಕೋಬೇಡಿ. ನಿಮ್ಮಲ್ಲೊಬ್ಬರು ಬೆಂಗಳೂರಿನ ಬಿಟಿಎಸ್ ಬಸ್ಸಿನಲ್ಲಿ ಟಿಕೆಟ್ ಹರಿದು, ಆಮೇಲೆ ರಜನಿಕಾಂತ್ ಆದರು.

ಇನ್ನು ಬಾಡಿ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಆ ಕಾಲದಲ್ಲಿ ಕಂಪನಿ ಪೂರ್ತಿ ಬಸ್ಸು ಕೊಡ್ತಿರಲಿಲ್ಲ. ಅಶೋಕ್ ಲೇಲ್ಯಾಂಡೋ ಟಾಟಾನೋ ಚಾಸಿ ಮಾತ್ರ ಕೊಡ್ತಿತ್ತು. ಬರೀ ಇಂಜಿನ್ನು, ಚಕ್ರ, ಸ್ಟೇರಿಂಗು. ತಲೆಗೆ ಟವೆಲ್ ಸುತ್ತಿಕೊಂಡ ಡ್ರೈವರ್ ಬಯಲಿನಲ್ಲಿ ಕೂತು ಅದನ್ನು ಹೆದ್ದಾರಿಯಲ್ಲಿ ಓಡಿಸಿಕೊಂಡು ಬರೋದನ್ನು ನೀವು ನೋಡಿರ್ತೀರಿ. ಕೆಂಗೇರಿ, ಹುಬ್ಬಳ್ಳಿ, ಯಾದಗಿರಿಯ ಕಾರ್ಯಾಗಾರಗಳಂಥ ಕಡೆ ನಮ್ಮವರೇ ಬಾಡಿ ಕಟ್ಟಿದ್ರು. ಕಿಟಕಿ ಎಷ್ಟು ಎತ್ತರ, ಏಣಿ ಎಲ್ಲಿ, ಬಾಗಿಲು ಮುಂದೆಯೋ ಹಿಂದೆಯೋ, ಮೂಟೆ ಎಲ್ಲಿ ಇಡಬೇಕು ಅನ್ನೋದನ್ನೆಲ್ಲ ನಮ್ಮ ರಸ್ತೆ, ನಮ್ಮ ಜನರನ್ನು ನೋಡಿ ತೀರ್ಮಾನ ಮಾಡಿದ್ದು ನಮ್ಮ ಮೇಸ್ತ್ರಿಗಳು. ಈಗ ಆ ಕೆಲಸ ಬಹುಮಟ್ಟಿಗೆ ಹೊರಗಿನ ಕಂಪನಿಗಳ ಕೈಗೆ ಹೋಗಿದೆ. ಆ ಬಸ್ಸು ಹೋದರೆ ಅದರ ಜೊತೆ ಆ ಕೈಗೆಲಸದ ಗುರುತೂ ಹೋಗುತ್ತೆ.

ರೈಲಿಗೆ ನಾವು ಇದನ್ನು ಮಾಡಿದ್ದೇವೆ. ಮೈಸೂರಿನಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆ. ಊಟಿಯ ಪುಟಾಣಿ ರೈಲಿಗೆ 2005ರಲ್ಲಿ ಯುನೆಸ್ಕೋ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಕಾರುಗಳಿಗೆ ಧರ್ಮಸ್ಥಳದಲ್ಲಿ ಮ್ಯೂಸಿಯಂ ಇದೆ. ಬಸ್ಸಿನ ಹೆಸರಲ್ಲಿ ಏನು ಮಾಡಿದ್ದೇವೆ? ಮೈಸೂರಿನಲ್ಲಿ 'ಅಂಬಾರಿ' ಅಂತ ಪ್ರವಾಸೋದ್ಯಮ ನಿಗಮದ ಡಬಲ್ ಡೆಕ್ಕರ್ ಓಡುತ್ತೆ. ಚೆನ್ನಾಗಿದೆ, ದಸರಾ ದೀಪ ನೋಡೋಕೆ ಜನ ಹತ್ತುತ್ತಾರೆ. ಆದರೆ ಅದು ಹೊಸ ಗಾಡಿ. ಬೆಂಗಳೂರಿನ ರಸ್ತೆಯಲ್ಲಿ 1990ರ ದಶಕದವರೆಗೆ ಓಡಿದ ಡಬಲ್ ಡೆಕ್ಕರ್ ಅಲ್ಲ. ಮುಂಬೈಯಲ್ಲಿ 2023ರ ಸೆಪ್ಟೆಂಬರ್ 15ರಂದು ಹಳೇ ಕೆಂಪು ಡಬಲ್ ಡೆಕ್ಕರಿನ ಕೊನೆಯ ಓಡಾಟ ಆದಾಗ ಜನ ಬಂದು ಬೀಳ್ಕೊಟ್ಟರು. ಕೊಪ್ಪದ ಸಹಕಾರ ಸಾರಿಗೆ ನೆನಪಿದೆಯಾ? ಮಾಲೀಕರ ಕಂಪನಿ ನಿಂತಾಗ ನೌಕರರೇ ಸೇರಿ 1991ರಲ್ಲಿ ಕಟ್ಟಿಕೊಂಡ ಸಂಸ್ಥೆ. ಡ್ರೈವರೇ ಮಾಲೀಕ, ಕಂಡಕ್ಟರೇ ಮಾಲೀಕ. ಮಲೆನಾಡಿನ ಮೂಲೆ ಮೂಲೆಗೆ ಹೋಗ್ತಿದ್ದ ಆ ಬಸ್ಸುಗಳು 2020ರಲ್ಲಿ ನಿಂತವು. ದೇಶಕ್ಕೇ ಮಾದರಿ ಆಗಿದ್ದ ಒಂದು ಪ್ರಯೋಗದ ಗುರುತಾಗಿ ಒಂದೇ ಒಂದು ಗಾಡಿ ಓಡುವ ಸ್ಥಿತಿಯಲ್ಲಿ ಇರಬೇಕು ಅಂತ ನಿಮಗೆ ಅನ್ಸಲ್ವಾ?

ಬೇರೆ ದೇಶದಲ್ಲಿ ಇದನ್ನು ಹೇಗೆ ಮಾಡ್ತಾರೆ ಅಂತ ಒಂದು ಉದಾಹರಣೆ ಕೊಡ್ತೀನಿ. ಇಂಗ್ಲೆಂಡಿನ ವಿಲ್ಟ್‌ಶೈರ್ ಅನ್ನುವ ಜಿಲ್ಲೆಯಲ್ಲಿ ಇಂಬರ್ ಅಂತ ಒಂದು ಹಳ್ಳಿ. 1943ರ ಕೊನೆಯಲ್ಲಿ ಸೈನ್ಯದ ತರಬೇತಿಗೆ ಅಂತ ಊರನ್ನೇ ಖಾಲಿ ಮಾಡಿಸಿದರು. ಯುದ್ಧ ಮುಗಿದರೂ ಜನರಿಗೆ ಊರು ವಾಪಸ್ ಸಿಗಲಿಲ್ಲ. ಇವತ್ತಿಗೂ ಅದು ಸೈನ್ಯದ ಜಾಗ. ಸೇಂಟ್ ಜೈಲ್ಸ್ ಅನ್ನುವ ಹಳೇ ಚರ್ಚು ಉಳಿದಿದೆ, ಉಳಿದದ್ದೆಲ್ಲ ಗೋಡೆಗಳು. 2009ರಿಂದ ಅಲ್ಲಿನ ಬಸ್ಸಿನ ಹುಚ್ಚಿನವರು ಆಗಸ್ಟ್ ತಿಂಗಳ ಒಂದು ಶನಿವಾರ ಏನು ಮಾಡ್ತಾರೆ ಅಂದ್ರೆ, ವಾರ್‌ಮಿನ್‌ಸ್ಟರ್ ಅನ್ನುವ ಊರಿನ ರೈಲು ನಿಲ್ದಾಣದಿಂದ ಆ ಇಲ್ಲದ ಊರಿಗೆ ಹಳೇ ಬಸ್ಸು ಬಿಡ್ತಾರೆ. ಸರ್ವಿಸ್ ನಂಬರ್ 23ಎ. ವೇಳಾಪಟ್ಟಿ ಇದೆ, ಕಂಡಕ್ಟರ್ ಇದ್ದಾರೆ, ಟಿಕೆಟ್ ಇದೆ. ಓಡೋದು ಬಹುಪಾಲು ಲಂಡನ್ನಿನ ಕೆಂಪು ರೂಟ್‌ಮಾಸ್ಟರ್ ಬಸ್ಸುಗಳು. ಒಟ್ಟು 2,876 ಕಟ್ಟಿದ್ದರಂತೆ. 1956ರಿಂದ 2005ರ ತನಕ ಲಂಡನ್ನಿನಲ್ಲಿ ದಿನನಿತ್ಯ ಓಡಿದವು. ಇವತ್ತಿಗೂ ಸಾವಿರಕ್ಕೂ ಮೇಲೆ ಉಳಿದಿವೆ. ಹಣ ದಾನಕ್ಕೆ ಹೋಗುತ್ತೆ. ಅಜ್ಜ, ಮೊಮ್ಮಗ ಮೇಲಿನ ಅಂತಸ್ತಿನ ಮುಂದಿನ ಸೀಟಿಗೆ ಜಗಳ ಆಡ್ತಾರೆ.

ಇಂಬರ್ ಕಥೆ ಕೇಳಿದಾಗ ನಮಗೆ ನಮ್ಮದೇ ಊರು ನೆನಪಾಗಬೇಕಲ್ಲ? ತುಂಗಭದ್ರಾ ಅಣೆಕಟ್ಟೆ ಕಟ್ಟಿದಾಗ ನಾರಾಯಣದೇವರಕೆರೆ ಮುಳುಗಿತು. ಅದೊಂದೇ ಅಲ್ಲ, ಹತ್ತಾರು ಹಳ್ಳಿ ಮುಳುಗಿದವು. ಜನ ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆ ಬಂದು ಮನೆ ಕಟ್ಟಿಕೊಂಡರು. ಆ ಊರುಗಳ ನೀರಿನ ಅಂಚಿಗೆ ವರ್ಷಕ್ಕೊಂದು ದಿನ ಒಂದು ಹಳೇ ಬಸ್ಸು ಹೋದರೆ, 'ಅಗೋ ಅಲ್ಲಿ ನಮ್ಮ ಓಣಿ ಇತ್ತು' ಅಂತ ಹೇಳೋಕೆ ಅಲ್ಲಿ ಹುಟ್ಟಿದ ಹಿರಿಯರು ಇನ್ನೂ ಕೆಲವರಾದರೂ ಇದ್ದಾರೆ. ಇನ್ನು ಹತ್ತು ವರ್ಷ ಬಿಟ್ಟು ಬಸ್ಸು ಬಿಟ್ಟರೆ ಹೇಳೋರು ಇರಲ್ಲ.

ಈಗ ಎದುರು ಮಾತು. ತೆಲಿಗಿ ಕಡೆಯ ಒಬ್ಬ ಹೆಣ್ಣುಮಗಳು ಎದ್ದು ನಿಂತು ಕೇಳ್ತಾಳೆ ಅಂದ್ಕೊಳ್ಳಿ: 'ಸಾರ್, ಬೆಳಿಗ್ಗೆ ಕಾಲೇಜಿಗೆ ಹೋಗೋಕೆ ಬಸ್ಸಿನ ಬಾಗಿಲಲ್ಲಿ ಜೋತಾಡ್ತೀವಿ. ನೀವು ಹಳೇ ಬಸ್ಸಿನಲ್ಲಿ ಜಾಲಿ ರೈಡ್ ಮಾಡಿ ಅಂತೀರಲ್ಲ?' ಈ ಮಾತಿಗೆ ನಾನು ತಲೆ ಬಾಗಿಸ್ತೀನಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳು ಹೊರಗೆ ಬಂದರು, ಬಸ್ಸು ತುಂಬಿತು. ಬಸ್ಸೇ ಬರದ ಊರಿಗೆ ಹಳೇ ಬಸ್ಸಿನ ನೆನಪು ಮಾರೋಕೆ ಹೋಗೋದು ಅವಮಾನ. ಅದಕ್ಕೇ ನನ್ನ ಮೊದಲ ಷರತ್ತು: ಈ ಕೆಲಸಕ್ಕೆ ದಿನದ ಒಂದೇ ಒಂದು ಟ್ರಿಪ್ ಕೂಡ ರದ್ದಾಗಕೂಡದು. ರಸ್ತೆಯಿಂದ ತೆಗೆದ ಗಾಡಿ ಮಾತ್ರ, ನಿವೃತ್ತ ಡ್ರೈವರು, ನಿವೃತ್ತ ಮೆಕ್ಯಾನಿಕ್ಕು ಮಾತ್ರ. ಅವರು ಬರ್ತಾರಾ ಅಂತ ಅನುಮಾನ ಬೇಡ. ಮೂವತ್ತು ವರ್ಷ ಒಂದೇ ಗೇರ್ ಹಿಡಿದವನಿಗೆ ಇಂಜಿನ್ ಸದ್ದು ಕೇಳಿದರೆ ಸಾಕು, ಬೀದಿಯ ಕೊನೆಯಿಂದ ಓಡಿ ಬರ್ತಾನೆ.

ಆ ದಿನ ಹೆಣ್ಣುಮಕ್ಕಳಿಗೆ ಟಿಕೆಟ್ ಇರಬೇಕಾ ಬೇಡವಾ? ನನ್ನನ್ನು ಕೇಳಿದರೆ ಎಲ್ಲರಿಗೂ ಹಳೇ ಕಾಗದದ ಟಿಕೆಟ್ ಕೊಡಿ, ಪಂಚ್ ಹಾಕಿ ಕೊಡಿ. ಈಗ ಹೆಣ್ಣುಮಕ್ಕಳಿಗೆ ಸಿಗ್ತಿರೋ ಶೂನ್ಯ ಮೊತ್ತದ ಟಿಕೆಟ್ಟೂ ನಾಳೆ ಮ್ಯೂಸಿಯಂ ಸೇರೋ ವಸ್ತುವೇ. ಮನೆಯಲ್ಲಿ ಒಂದೆರಡು ಎತ್ತಿಟ್ಟುಕೊಳ್ಳಿ, ಆದರೆ ನೆನಪಿರಲಿ, ಆ ಕಾಗದದ ಅಕ್ಷರ ಬಹಳ ಬೇಗ ಅಳಿಸಿ ಹೋಗುತ್ತೆ.

ಆಗಬೇಕಾದ್ದು ಏನು? ಕೇಂದ್ರದ ನಿಯಮದ ವಿಂಟೇಜ್ ವ್ಯಾಖ್ಯೆಗೆ ಬಸ್ಸು ಸೇರಬೇಕು. ಖಾಸಗಿಯವರೊಬ್ಬರು ಇವತ್ತು ಹಳೇ ಬಸ್ಸು ಇಟ್ಟುಕೊಂಡರೆ ಅದು ಕಾನೂನಿನ ಕಣ್ಣಿಗೆ ಬಾಡಿಗೆ ಬಸ್ಸೇ. ವರ್ಷ ವರ್ಷ ಎಫ್‌ಸಿ, ಪರ್ಮಿಟ್ಟು, ತೆರಿಗೆ. ಪ್ರೀತಿಗೆ ಇಟ್ಟುಕೊಂಡವನು ಎರಡು ವರ್ಷಕ್ಕೆ ಸುಸ್ತಾಗಿ ಗುಜರಿಗೆ ಹಾಕ್ತಾನೆ. ಹದಿನೈದು ವರ್ಷದ ಆದೇಶದಲ್ಲಿ ನಿಗಮಗಳಿಗೆ ಬೆರಳೆಣಿಕೆಯ ಗಾಡಿಗಳಿಗಾದರೂ ವಿನಾಯಿತಿ ಬೇಕು. ಒಂದೊಂದು ವಿಭಾಗಕ್ಕೆ ಒಂದೊಂದು ಗಾಡಿ ಸಾಕು. ಆ ಗಾಡಿ ಇವತ್ತು ನೋಡೋಕೆ ಹಳೇದು ಅನ್ನಿಸಲ್ಲ, ನಿನ್ನೆ ಮೊನ್ನೆ ಹತ್ತಿಳಿದ ಬಸ್ಸಿನ ಹಾಗೇ ಕಾಣುತ್ತೆ. ಇಟ್ಟುಕೊಂಡರೆ ತಾನೇ ಹಳೇದಾಗೋದು? ಲಂಡನ್ನಿನ ರೂಟ್‌ಮಾಸ್ಟರ್ ಕೂಡ ಒಂದು ದಿನ ಮಾಮೂಲಿ ಬಸ್ಸೇ ಆಗಿತ್ತು.

ದುಡ್ಡಿನ ಲೆಕ್ಕ ದೊಡ್ಡದೇನಲ್ಲ. ಒಂದು ಗಾಡಿಯನ್ನು ಗುಜರಿಗೆ ಹಾಕಿದರೆ ಬರೋ ಹಣ ಬಿಡಬೇಕು, ಒಂದು ಶೆಡ್ಡು ಬೇಕು, ತಿಂಗಳಿಗೊಮ್ಮೆ ಇಂಜಿನ್ ತಿರುಗಿಸಿ ಇಡಬೇಕು. ಈ ಸಂಸ್ಥೆಗಳಿಗೆ ಹಳೇ ಗಾಡಿಯಲ್ಲಿ ಜೀವ ತುಂಬೋಕೆ ಬರಲ್ಲ ಅಂತೇನಿಲ್ಲ. 2020ರಲ್ಲಿ ಕೆಎಸ್‌ಆರ್‌ಟಿಸಿ ಹಳೇ ಬಸ್ಸೊಂದನ್ನು ಹೆಣ್ಣುಮಕ್ಕಳ ಶೌಚಾಲಯ ಮಾಡಿ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿತು. ಕೋವಿಡ್ ಹೊತ್ತಲ್ಲಿ ಬಸ್ಸುಗಳಿಗೆ ಆಕ್ಸಿಜನ್ ಕೂರಿಸಿತು. ಅಷ್ಟು ಮಾಡಿದ ಕೈಗಳಿಗೆ ಒಂದು ಬಸ್ಸನ್ನು ಬಸ್ಸಾಗಿಯೇ ಇಡೋದು ಕಷ್ಟವೇ?

ದಿನ ಯಾವುದು ಅಂತ ನಾನೇ ಹೇಳ್ತೀನಿ. ಅಕ್ಟೋಬರ್ 1. ಮದ್ರಾಸು–ಮೈಸೂರಿನ ಗೆರೆ ಅಳಿಸಿದ ದಿನ. ಬೆಳಿಗ್ಗೆ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಿಂದ ಹೊರಟು, ತೆಲಿಗಿಯಲ್ಲಿ ನಿಂತು ಚಹಾ ಕುಡಿದು, ದುಗ್ಗಾವತಿ ಮೇಲೆ ಹರಿಹರಕ್ಕೆ. ಹೋಗುವಾಗ ಹಳೇ ಗಡಿ ಎಲ್ಲಿತ್ತು ಅಂತ ಕಂಡಕ್ಟರ್ ಕೂಗಿ ಹೇಳಲಿ. ಬರುವಾಗ ಶಾಲೆ ಮಕ್ಕಳನ್ನು ಹತ್ತಿಸಿಕೊಳ್ಳಿ. ಕೊಟ್ಟೂರಿನ ತೇರಿಗೆ, ಮೈಲಾರದ ಕಾರಣಿಕಕ್ಕೆ ಹೇಗೂ ವಿಶೇಷ ಬಸ್ಸು ಬಿಡ್ತಾರೆ, ಜನದ ನೂಕುನುಗ್ಗಲು ನಿಭಾಯಿಸೋ ಅನುಭವ ಆ ಡಿಪೋಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಕಾನೂನು ತಿದ್ದೋದು ದೆಹಲಿಯಲ್ಲಿ, ಅದಕ್ಕೆ ಹೊತ್ತು ಹಿಡಿಯುತ್ತೆ. ಡಿಪೋಗಳಲ್ಲಿ ಹರಾಜಿನ ಪಟ್ಟಿ ಮಾತ್ರ ಕಾಯಲ್ಲ, ವರ್ಷ ವರ್ಷ ತಯಾರಾಗುತ್ತೆ. ಕಲ್ಯಾಣ ಕರ್ನಾಟಕ ಸಾರಿಗೆಯ ಅಧಿಕಾರಿಗಳಿಗೆ ನನ್ನ ವಿನಂತಿ ಇಷ್ಟೇ. ಹದಿನೈದು ತುಂಬುವ ಮುಂಚೆಯೇ ರಸ್ತೆಯಿಂದ ಇಳಿಸುವ ಗಾಡಿಗಳು ನಿಮ್ಮಲ್ಲಿ ಇರುತ್ತವಲ್ಲ, ಅದರಲ್ಲಿ ಬಾಡಿ ಗಟ್ಟಿ ಇರುವ ಒಂದರ ನಂಬರನ್ನು ಮುಂದಿನ ಪಟ್ಟಿಯಿಂದ ಹೊಡೆದು ಹಾಕಿ. ಬ್ಯಾಟರಿ ಬಿಚ್ಚಿ, ಚಕ್ರದ ಕೆಳಗೆ ಕಲ್ಲು ಕೊಟ್ಟು, ಡಿಪೋದ ಮೂಲೆಯಲ್ಲಿ ಮಳೆ ಬೀಳದ ಕಡೆ ನಿಲ್ಲಿಸಿ. ಆ ಹರಪನಹಳ್ಳಿ–ಹರಿಹರ ಬೋರ್ಡನ್ನೂ ಒಳಗೆ ಎತ್ತಿಡಿ, ಅದನ್ನು ಯಾರಾದರೂ ತೂಕಕ್ಕೆ ಹಾಕಿಬಿಡ್ತಾರೆ.